ಹಳೇ ಮನೆಯ ಗೋಡೆಯೊಳಗೆ ಬಂಗಾರ ಸಿಕ್ಕಿದೆ. ಇದು ಯಾರದು?

ಹಳೇಮನೆ ಕಲಬುರಗಿ:
ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಹಳೇ ಊರಿನಲ್ಲಿ ನಾವು ಒಂದು ಮಾಳಿಗೆ ಮನೆ ಕೊಂಡಿದ್ದೇವೆ. ಮಾರಿದವರು ಈಗ ಹೈದರಾಬಾದಿನಲ್ಲಿದ್ದಾರೆ. ಅಡುಗೆ ಮನೆ ದೊಡ್ಡದು ಮಾಡೋಣ ಅಂತ ನಡುಗೋಡೆ ಒಡೆಸುತ್ತಿದ್ದೆವು. ಕಲ್ಲು ಮಣ್ಣಿನ ದಪ್ಪ ಗೋಡೆ. ಅದರಲ್ಲಿದ್ದ ಒಂದು ಗೂಡಿಗೆ ಪರಸಿ ಕಲ್ಲು ನಿಲ್ಲಿಸಿ, ಮೇಲೆ ಗಾರೆ ಬಳಿದು ಮುಚ್ಚಿಬಿಟ್ಟಿದ್ದರು. ಗೌಂಡಿ ಹಾರೆ ಹಾಕಿದಾಗ ಟೊಳ್ಳು ಸದ್ದು ಬಂತು. ಪರಸಿ ಸರಿಸಿದರೆ ಒಳಗೆ ಒಂದು ತಾಮ್ರದ ತಂಬಿಗೆ, ಬಾಯಿಗೆ ಬಟ್ಟೆ ಬಿಗಿದು ಕಟ್ಟಿತ್ತು. ಗೌಂಡಿ ಅದನ್ನು ಬಿಚ್ಚಲೇ ಇಲ್ಲ, ನನ್ನನ್ನು ಕೂಗಿ ಕರೆದ.

ಒಳಗೆ ಇದ್ದದ್ದು: ಒಂದು ಬೋರಮಾಳ ಸರ, ಒಂದು ಜೊತೆ ಬಂಗಾರದ ಬಿಲ್ವಾರ ಬಳೆ, ಮಗುವಿನ ಬೆಳ್ಳಿ ಕಾಲ್ಗೆಜ್ಜೆ, ಚಾರ್‌ಮಿನಾರ್ ಚಿತ್ರ ಇರುವ ಬೆಳ್ಳಿ ರೂಪಾಯಿ ಒಂದು ಹಿಡಿ.

ಯಜಮಾನರು ಹೇಳುತ್ತಾರೆ, ಮನೆ ಪೂರ್ತಿ ದುಡ್ಡು ಕೊಟ್ಟು ಕೊಂಡಿದ್ದೇವೆ, ಒಳಗಿದ್ದದ್ದೆಲ್ಲ ನಮ್ಮದೇ ಅಂತ. ಅತ್ತೆ ಹೇಳುತ್ತಾರೆ, ಲಕ್ಷ್ಮಿ ತಾನೇ ಬಂದಿದ್ದಾಳೆ, ಹೊರಗೆ ಕಳಿಸಬೇಡ ಅಂತ. ನನಗಂತೂ ಆ ಗೆಜ್ಜೆ ನೋಡಿದ ಮೇಲೆ ಮನಸ್ಸು ಒಪ್ಪುತ್ತಿಲ್ಲ. ಯಾರೋ ತಾಯಿ ಮುಚ್ಚಿಟ್ಟದ್ದು ಅಲ್ವಾ? ಕಾನೂನು ಏನು ಹೇಳುತ್ತೆ, ಗೊತ್ತಿದ್ದವರು ತಿಳಿಸಿ.

ತೊಗರಿಬೇಳೆ:
ಮನೆ ನಿಮ್ಮದು, ಗೋಡೆ ನಿಮ್ಮದು, ಗೂಡು ನಿಮ್ಮದು. ಬಂಗಾರ ಮಾತ್ರ ಬೇರೆಯವರದು ಹೇಗಾಗುತ್ತೆ? ಸುಮ್ನೆ ಇಟ್ಕೊಳ್ಳಿ ಅಕ್ಕ. ಊರಿಗೆಲ್ಲ ಹೇಳೋ ಅವಶ್ಯಕತೆ ಇರಲಿಲ್ಲ.

ಆಳಂದದ ಅಕ್ಕ:
ಬಿಲ್ವಾರ ಅಂದ್ರೆ ಹಳೇ ಕಾಲದ ದಪ್ಪದ್ದೋ? ನಮ್ಮ ಅಜ್ಜಿ ಹತ್ತಿರ ಇದ್ದವು. ಒಂದೊಂದು ಎರಡು ತೊಲೆ ತೂಗುತ್ತಿದ್ದವು.

ಕೋರ್ಟ್ ರಸ್ತೆ:
ತೊಗರಿಬೇಳೆ ಅವರೇ, ಅದು ಹಾಗಲ್ಲ. ನಾನು ವಕೀಲಿ ಮಾಡುವವನು, ಸ್ವಲ್ಪ ಬಿಡಿಸಿ ಹೇಳ್ತೀನಿ.

ಖರೀದಿ ಪತ್ರದಿಂದ ನಿಮಗೆ ಬಂದದ್ದು ಜಾಗ ಮತ್ತು ಅದಕ್ಕೆ ಅಂಟಿಕೊಂಡದ್ದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 8ನೇ ಕಲಮಿನಲ್ಲಿ ಮನೆ ಮಾರಿದರೆ ಅದರ ಜೊತೆ ಏನೇನು ಹೋಗುತ್ತೆ ಅಂತ ಹೆಸರು ಹಿಡಿದು ಬರೆದಿದ್ದಾರೆ. ಬೀಗ, ಕೀಲಿಕೈ, ಸರಳು, ಬಾಗಿಲು, ಕಿಟಕಿ, ಮನೆಯ ಕಾಯಂ ಬಳಕೆಗೆ ಅಂತ ಇಟ್ಟ ಇತರ ವಸ್ತು. ತಂಬಿಗೆಯೊಳಗಿನ ಬೋರಮಾಳ ಅದರಲ್ಲಿ ಬರಲ್ಲ. ಮಾರಿದವರಿಗೆ ಅದು ಅಲ್ಲಿದೆ ಅಂತಲೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅವರು ಮಾರಿದರು ಅಂತ ಹೇಗೆ ಹೇಳ್ತೀರಿ?

ಇನ್ನೊಂದು ಮಾತು. ಬಿಸಾಡಿದ್ದು ಬೇರೆ, ಬಚ್ಚಿಟ್ಟದ್ದು ಬೇರೆ. ಪರಸಿ ನಿಲ್ಲಿಸಿ ಗಾರೆ ಬಳಿದವರು ಮತ್ತೆ ಬಂದು ತೆಗೆದುಕೊಳ್ಳೋಣ ಅಂತಲೇ ಇಟ್ಟಿರುತ್ತಾರೆ. ಅವರು ತೀರಿಕೊಂಡರೆ ಹಕ್ಕು ವಾರಸುದಾರರಿಗೆ ಹೋಗುತ್ತೆ. ಯಾರೋ ಗೋಡೆ ಕೊಂಡರು ಅಂತ ಆ ಹಕ್ಕು ಸಾಯಲ್ಲ.

ತೊಗರಿಬೇಳೆ:
ಹಾಗಾದ್ರೆ ಹಾವು ಚೇಳು ಬಂದ್ರೆ ನಮ್ಮದು, ಬಂಗಾರ ಬಂದ್ರೆ ಅವರದು!

ಸುರಪುರದವನು:
ನಿಧಿ ಸಿಕ್ಕರೆ ಸರ್ಕಾರಕ್ಕೆ ಕೊಡಬೇಕು. ಎಲ್ಲರಿಗೂ ಗೊತ್ತಿರುವ ವಿಷಯ.

ಕೋರ್ಟ್ ರಸ್ತೆ:
ಎಲ್ಲರಿಗೂ ಅರ್ಧ ಗೊತ್ತಿರುವ ವಿಷಯ. 1878ರ ನಿಧಿ ಕಾಯ್ದೆ ಪ್ರಕಾರ ನಿಧಿ ಅಂದ್ರೆ ನೆಲದಲ್ಲಿ ಅಥವಾ ನೆಲಕ್ಕೆ ಅಂಟಿಕೊಂಡ ಯಾವುದರಲ್ಲೇ ಆಗಲಿ ಬಚ್ಚಿಟ್ಟ ಬೆಲೆಬಾಳುವ ವಸ್ತು. ಅಂದ್ರೆ ಗೋಡೆಯೂ ಸೇರಿತು. ಬೆಲೆ ಹತ್ತು ರೂಪಾಯಿ ಮೀರಿದರೆ ಲಿಖಿತವಾಗಿ ತಿಳಿಸಲೇಬೇಕು. ತಿಳಿಸದೆ ಮುಚ್ಚಿಟ್ಟರೆ ಪಾಲೂ ಹೋಗುತ್ತೆ, ಒಂದು ವರ್ಷದವರೆಗೆ ಜೈಲೂ ಆಗಬಹುದು. ತಿಳಿಸಿದ ಮೇಲೆ ಪ್ರಕಟಣೆ ಹೊರಡಿಸಿ, ಹಕ್ಕುದಾರರು ಇದ್ದರೆ ಬನ್ನಿ ಅಂತ ನಾಲ್ಕರಿಂದ ಆರು ತಿಂಗಳೊಳಗಿನ ಒಂದು ದಿನ ಗೊತ್ತು ಮಾಡುತ್ತಾರೆ. ಯಾರೂ ಬರದಿದ್ದರೆ, ಅಥವಾ ಬಂದವರ ಹಕ್ಕು ನಿಲ್ಲದಿದ್ದರೆ, ಆಗ ವಾರಸುದಾರರಿಲ್ಲದ ವಸ್ತು ಅಂತ ತೀರ್ಮಾನ.

ಇಲ್ಲಿ ಮುಖ್ಯವಾದದ್ದು ನೂರು ವರ್ಷದ ಗೆರೆ. ಸಿಕ್ಕ ದಿನದಿಂದ ಹಿಂದಕ್ಕೆ ನೂರು ವರ್ಷದೊಳಗೆ ಬಚ್ಚಿಟ್ಟದ್ದು, ಹಕ್ಕು ಕೇಳುವವರೇ ಅಥವಾ ಅವರ ಹಿರಿಯರೇ ಇಟ್ಟದ್ದು ಅಂತ ನಂಬಲು ಕಾರಣ ಇದ್ದರೆ, ಸಿವಿಲ್ ಕೋರ್ಟಿನಲ್ಲಿ ಹಕ್ಕು ಸಾಬೀತು ಮಾಡಲು ಅವರಿಗೆ ಸಮಯ ಕೊಡಬೇಕು. ಇದು ಕೇಂದ್ರ ಕಾಯ್ದೆಯ ಲೆಕ್ಕ. ನಮ್ಮ ರಾಜ್ಯಕ್ಕೆ 1962ರ ಪ್ರತ್ಯೇಕ ಕಾಯ್ದೆ ಇದೆ, ಡಿಸಿ ಕಚೇರಿಯಲ್ಲಿ ಅದನ್ನೇ ನೋಡುತ್ತಾರೆ. ಹಾಗಾಗಿ ಅಕ್ಕ, ಇದು ಎಷ್ಟು ಹಳೇದು ಅನ್ನೋದೇ ಮೊದಲ ಪ್ರಶ್ನೆ.

ನಾಣ್ಯದ ಹುಚ್ಚು:
ಅದನ್ನು ನಾಣ್ಯವೇ ಹೇಳುತ್ತೆ! ಚಾರ್‌ಮಿನಾರ್ ರೂಪಾಯಿ ಅಂದ್ರೆ ನಿಜಾಮರ ಹಾಲಿ ಸಿಕ್ಕಾ. ನಮ್ಮ ಕಲಬುರಗಿ, ಬೀದರ್, ಯಾದಗಿರಿಯಲ್ಲೆಲ್ಲ ಇದೇ ನಡೆಯುತ್ತಿತ್ತು. ಬ್ರಿಟಿಷರ ರೂಪಾಯಿಗೆ ಕಲ್ದಾರ್ ಅನ್ನುತ್ತಿದ್ದರು. ಏಳು ಹಾಲಿಗೆ ಆರು ಕಲ್ದಾರ್.

ಒಂದು ನಾಣ್ಯ ಕೈಗೆ ತಗೊಂಡು ಚಾರ್‌ಮಿನಾರಿನ ನಡುವಿನ ಕಮಾನು ನೋಡಿ. ಅದರೊಳಗೆ ಒಂದೇ ಒಂದು ಅಕ್ಷರ ಇರುತ್ತೆ. ‘ಮೀಮ್’ ಇದ್ದರೆ ಮೀರ್ ಮಹಬೂಬ್ ಅಲಿ ಖಾನ್ ಕಾಲದ್ದು. ‘ಐನ್’ ಇದ್ದರೆ ಉಸ್ಮಾನ್ ಅಲಿ ಖಾನ್ ಕಾಲದ್ದು, ಅಂದ್ರೆ 1911ರಿಂದ ಈಚೆಗೆ. ಅದರ ಜೊತೆ ಹಿಜರಿ ಇಸವಿಯೂ ಇರುತ್ತೆ, ಉರ್ದು ಅಂಕಿಯಲ್ಲಿ. ಉರ್ದು ಬರುವವರಿಗೆ ತೋರಿಸಿ. ಎಲ್ಲಕ್ಕಿಂತ ಹೊಸ ನಾಣ್ಯ ಯಾವುದೋ ಅದರ ನಂತರವೇ ತಂಬಿಗೆ ಗೋಡೆ ಸೇರಿರುವುದು. ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ತಿಕ್ಕಿದರೆ ಅಂಚು ಸವೆದು ಇಸವಿ ಅಳಿಸಿಹೋಗುತ್ತೆ.

ಶಾಂತಿ ಹೋಮ:
ಗೋಡೆಯ ನಿಧಿ ಸುಮ್ನೆ ಮುಟ್ಟಬಾರದು. ಕಾವಲು ಇರುತ್ತೆ. ತಿಳಿದವರನ್ನು ಕರೆಸಿ ಶಾಂತಿ ಮಾಡಿಸಿ. ಇನ್ನೂ ಇರಬಹುದು, ಅಂಜನ ಹಾಕಿ ನೋಡುವವರು ನಮ್ಮ ಕಡೆ ಇದ್ದಾರೆ.

ಯಾದಗಿರಿ ಮೇಷ್ಟ್ರು:
ಅಂಜನ ಗಿಂಜನ ಬೇಡವೇ ಬೇಡ. ಅವರನ್ನು ಒಂದು ಸಲ ಮನೆಯೊಳಗೆ ಬಿಟ್ಟರೆ ಎಲ್ಲ ಕೋಣೆಯ ಪರಸಿ ಕೀಳಿಸುತ್ತಾರೆ. ನಮ್ಮ ಕಡೆ ಊರ ಹೊರಗಿನ ಹಾಳು ಗುಡಿಗಳನ್ನು ನೋಡಿ. ನಿಧಿ ಆಸೆಗೆ ಲಿಂಗ ಕಿತ್ತು, ನಂದಿ ಉರುಳಿಸಿ, ಗರ್ಭಗುಡಿಯನ್ನೇ ಅಗೆದು ಹೋಗಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತೆ. ನಿಧಿಗಾಗಿ ಮಾಟ, ಬಲಿ ಅಂತ ಅಮಾನುಷ ಕೆಲಸ ಮಾಡುವುದು ಕರ್ನಾಟಕದಲ್ಲಿ 2017ರ ಕಾಯ್ದೆ ಪ್ರಕಾರ ಅಪರಾಧ. ಮನೆಯಲ್ಲಿ ಒಂದು ದೀಪ ಹಚ್ಚಿ ಕೈ ಮುಗಿಯಿರಿ, ಸಾಕು.

ಭಾಲ್ಕಿ ಮಗಳು:
ನನಗೆ ಇದು ಓದಿ ನಮ್ಮ ಮುತ್ತಜ್ಜಿ ನೆನಪಾದರು. ನಿಜಾಮರ ಪರವಾಗಿದ್ದ ರಜಾಕಾರರ ಗಲಾಟೆಯಲ್ಲಿ ನಮ್ಮವರು ರಾತ್ರೋರಾತ್ರಿ ಊರು ಬಿಟ್ಟು ಸೊಲ್ಲಾಪುರದ ಕಡೆ ಹೋದರು. ಗಾಡಿಯಲ್ಲಿ ಬಂಗಾರ ಒಯ್ಯಲು ಭಯ. ನೆಲದೊಳಗೆ ಕಾಳು ತುಂಬಿಡುವ ಹಗೇವಿನಲ್ಲಿ, ಜೋಳದ ಅಡಿಯಲ್ಲಿ ಡಬ್ಬಿ ಇಟ್ಟು, ಮೇಲೆ ಹುಲ್ಲು ಮಣ್ಣು ಮುಚ್ಚಿ ಹೋಗಿದ್ದರಂತೆ. ವಾಪಸ್ ಬಂದಾಗ ಜೋಳವೂ ಇರಲಿಲ್ಲ, ಡಬ್ಬಿಯೂ ಇರಲಿಲ್ಲ. ಅವರು ಸಾಯುವ ತನಕ ಆ ಪುತಳಿ ಸರದ ಒಂದೊಂದು ಪುತಳಿ ಹೇಗಿತ್ತು ಅಂತ ಹೇಳುತ್ತಿದ್ದರು. ಯಾರಿಗೆ ಸಿಕ್ಕಿತೋ, ಅವರು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಅಕ್ಕ, ನೀವು ಕೇಳುತ್ತಿದ್ದೀರಿ. ಅದೇ ದೊಡ್ಡದು.

ಬೀದರ್ ಬಿದ್ರಿ:
ಭಾಲ್ಕಿ ಅಕ್ಕ ಹೇಳಿದ್ದು ನಿಜ. ಅದರ ಜೊತೆ ನಮ್ಮ ಮನೆಯ ಮಾತೂ ಸೇರಿಸಿಕೊಳ್ಳಿ. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ವಶಕ್ಕೆ ತಗೊಂಡ ಪೊಲೀಸ್ ಕಾರ್ಯಾಚರಣೆ ಆದ ಮೇಲೆ ಬಹಳ ಮುಸ್ಲಿಂ ಕುಟುಂಬಗಳು ಇದೇ ಥರ ಗೋಡೆಯೊಳಗೆ, ಬಾವಿಯೊಳಗೆ ಇಟ್ಟು ಹೋದವು. ಸುಂದರ್‌ಲಾಲ್ ಸಮಿತಿ (ಆಗಿನ ಹಾನಿ ವಿಚಾರಿಸಲು ಸರ್ಕಾರ ಕಳಿಸಿದ್ದು) ಹೆಚ್ಚು ಹಾನಿಯಾದ ಜಿಲ್ಲೆ ಅಂತ ಹೆಸರಿಸಿದ್ದು ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ್. ನಮ್ಮ ದಾದಿ, ಅಂದ್ರೆ ತಂದೆಯ ತಾಯಿ, ಬೀದರಿಗೆ ವಾಪಸ್ ಬಂದಾಗ ಮನೆ ಬೇರೆಯವರ ಕೈಯಲ್ಲಿತ್ತು. ಬಾಗಿಲು ತಟ್ಟಲು ಧೈರ್ಯ ಆಗಲಿಲ್ಲ ಅನ್ನುತ್ತಿದ್ದರು. ಹಾಗಾಗಿ ಮಾರಿದವರನ್ನು ಮಾತ್ರ ಕೇಳಿದರೆ ಸಾಲದು. ಅವರಿಗಿಂತ ಮುಂಚೆ ಆ ಮನೆ ಯಾರದು ಅಂತ ಹಳೇ ಕಾಗದ ತೆಗೆಸಿ ನೋಡಿ.

ಕೋರ್ಟ್ ರಸ್ತೆ:
ಬೀದರ್ ಬಿದ್ರಿ ಅವರ ಮಾತು ಬಹಳ ಮುಖ್ಯ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಿಂದಿನ ಖರೀದಿ ಪತ್ರದ ನಕಲು ತೆಗೆಸಿ. ಆ ಕಾಲದ ಕಾಗದ ಉರ್ದುವಿನಲ್ಲಿ ಇರಬಹುದು, ಓದಿಸಿಕೊಳ್ಳಬೇಕು.

ಸೇಡಂ ಗೌಂಡಿ:
ಎಲ್ಲರೂ ಮನೆಯವರದೋ, ಮಾರಿದವರದೋ, ಸರ್ಕಾರದ್ದೋ ಅಂತ ಮಾತಾಡ್ತೀರಿ. ತೆಗೆದು ಕೊಟ್ಟವನ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಗೌಂಡಿ ಕೆಲಸ ಮಾಡುವವನು. ಹಳೇ ಮನೆ ಕೆಡವುವಾಗ ನಮಗೆ ಹೆದರಿಕೆ ಇರುತ್ತೆ. ಏನೂ ಸಿಗದಿದ್ದರೂ ಸಂಜೆ ಹೋಗುವಾಗ ಚೀಲ ತೋರಿಸು ಅನ್ನುತ್ತಾರೆ. ಸಿಕ್ಕರೆ ಇನ್ನೂ ಕಷ್ಟ, ಹತ್ತಿತ್ತು, ಎಂಟು ತೋರಿಸಿದ ಅನ್ನುತ್ತಾರೆ. ಅದಕ್ಕೇ ನಾವು ಏನೇ ಕಂಡರೂ ಹಾರೆ ಅಲ್ಲೇ ಬಿಟ್ಟು, ಕೂಗಿ ನಾಲ್ಕು ಜನರನ್ನು ಕರೆದು, ಅವರ ಎದುರಿಗೇ ಹೊರಗೆ ತೆಗೆಯುವುದು. ಆ ತಂಬಿಗೆ ಬಿಚ್ಚದೆ ಕರೆದ ಗೌಂಡಿಗೆ ನನ್ನ ನಮಸ್ಕಾರ ಹೇಳಿ ಅಕ್ಕ. ಅವನು ಚೀಲಕ್ಕೆ ಹಾಕಿಕೊಂಡು ಹೋಗಿದ್ದರೆ ಇವತ್ತು ಈ ಚರ್ಚೆಯೇ ಇರುತ್ತಿರಲಿಲ್ಲ.

ಹಳೇಮನೆ ಕಲಬುರಗಿ:
ಖಂಡಿತ ಹೇಳ್ತೀನಿ ಅಣ್ಣ. ಅವನಿಗೆ ಏನಾದರೂ ಸಿಗಲೇಬೇಕು ಅಂತ ನನಗೂ ಇದೆ. ಕಾನೂನಿನಲ್ಲಿ ಅವನಿಗೆ ಪಾಲು ಇದೆಯಾ?

ಕೋರ್ಟ್ ರಸ್ತೆ:
ವಾರಸುದಾರರು ಇಲ್ಲ ಅಂತ ಆದರೆ ಮಾತ್ರ. 1878ರ ಕಾಯ್ದೆ ಕಂಡವನಿಗೆ ನಾಲ್ಕರಲ್ಲಿ ಮೂರು ಪಾಲು, ಜಾಗದ ಮಾಲೀಕನಿಗೆ ಒಂದು ಪಾಲು ಅನ್ನುತ್ತೆ. ಆದರೆ ಕೂಲಿಗೆ ಬಂದವನು ಕಂಡರೆ ‘ಕಂಡವನು’ ಯಾರು ಅಂತ ವಾದ ಏಳುತ್ತೆ. ಇಂಗ್ಲೆಂಡಿನಲ್ಲಿ ಇಂಥದ್ದೇ ಒಂದು ಕೇಸು ಇತ್ತು. ಲಂಡನ್ ನಗರಸಭೆಯ ಹಳೇ ಕಟ್ಟಡ ಕೆಡವುವಾಗ ಗೋಡೆಯೊಳಗಿನ ತಿಜೋರಿಯಲ್ಲಿ ಕೆಲಸಗಾರರಿಗೆ 5,728 ಪೌಂಡಿನ ನೋಟು ಸಿಕ್ಕವು. 1963ರ ತೀರ್ಪು ಕೆಲಸಗಾರರ ಪರವಾಗಿ ಬರಲಿಲ್ಲ. ಗೋಡೆಯೊಳಗೆ ಹುದುಗಿದ್ದಕ್ಕೆ ಕಟ್ಟಡದವರ ಹಕ್ಕೇ ಮೇಲು ಅಂದರು.

ಅದಕ್ಕೂ ಮುಂಚೆ 1945ರಲ್ಲಿ ಉಲ್ಟಾ ತೀರ್ಪು ಇದೆ. ಯುದ್ಧದ ಕಾಲದಲ್ಲಿ ಸೇನೆ ವಶಕ್ಕೆ ತಗೊಂಡ ಮನೆಯಲ್ಲಿ ಒಬ್ಬ ಸೈನಿಕನಿಗೆ ಕಿಟಕಿ ಚೌಕಟ್ಟಿನ ಮೇಲೆ ಧೂಳು ಹಿಡಿದ ಬ್ರೂಚ್ ಸಿಕ್ಕಿತು. ಪೊಲೀಸರಿಗೆ ಕೊಟ್ಟ. ಕಳೆದುಕೊಂಡವರು ಬರಲಿಲ್ಲ ಅಂತ ಪೊಲೀಸರು ಅದನ್ನು ಮನೆ ಮಾಲೀಕನಿಗೆ ಕೊಟ್ಟುಬಿಟ್ಟರು. ಮಾಲೀಕ ಆ ಮನೆಯಲ್ಲಿ ಒಂದು ದಿನವೂ ವಾಸ ಮಾಡಿರಲಿಲ್ಲ. ಕೋರ್ಟು ಸೈನಿಕನಿಗೆ 66 ಪೌಂಡ್ ಕೊಡಿಸಿತು. ಈ ತೀರ್ಪುಗಳು ನಮ್ಮ ಕೋರ್ಟಿಗೆ ಕಟ್ಟುಪಾಡಲ್ಲ, ಆದರೆ ವಕೀಲರು ಎತ್ತಿ ಹೇಳುತ್ತಾರೆ. ಎರಡರಲ್ಲೂ ಜಗಳ ಕಂಡವನಿಗೂ ಜಾಗದವನಿಗೂ ಮಾತ್ರ. ನಿಜವಾದ ಮಾಲೀಕ ಬಂದರೆ ಇಬ್ಬರೂ ಬಿಟ್ಟುಕೊಡಬೇಕು.

ಸೇಡಂ ಗೌಂಡಿ:
ಕೋರ್ಟಿನ ಪಾಲು ಬೇಡ ಸರ್. ಕಾಗದದಲ್ಲಿ ಅವನ ಹೆಸರು ಬರೆಯಲಿ, ಇವನೇ ಕಂಡು ತಿಳಿಸಿದವನು ಅಂತ. ನಾಳೆ ಯಾರೂ ಅವನ ಮೇಲೆ ಬೊಟ್ಟು ಮಾಡಬಾರದು.

ಚಿತ್ತಾಪುರ ಪ್ಯಾಸೆಂಜರ್:
ನಮ್ಮ ತಂದೆ ತೀರಿಕೊಂಡ ಮೇಲೆ ಅಲಮಾರಿ ಸರಿಸಿದರೆ ಹಿಂದೆ ಹಳೇ ಸಾವಿರದ ನೋಟಿನ ಕಟ್ಟು ಸಿಕ್ಕಿತು. ಏನು ಮಾಡೋದು ಅಂತ ಹಾಗೇ ಇಟ್ಟಿದ್ದೇವೆ.

ಕೋರ್ಟ್ ರಸ್ತೆ:
ಹಾಗೇ ಇಡಬೇಡಿ. 2017ರ ಕಾಯ್ದೆ ಪ್ರಕಾರ ರದ್ದಾದ ಐನೂರು, ಸಾವಿರದ ನೋಟು ಹತ್ತಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಸಂಶೋಧನೆಗೆ, ಸಂಗ್ರಹಕ್ಕೆ ಅಂದ್ರೆ 25ರವರೆಗೆ. ದಂಡ ಹತ್ತು ಸಾವಿರ ಅಥವಾ ಮುಖಬೆಲೆಯ ಐದು ಪಟ್ಟು, ಯಾವುದು ಜಾಸ್ತಿಯೋ ಅದು. ಬೇಗ ಒಬ್ಬ ವಕೀಲರನ್ನು ಕಾಣಿ.

ಶಹಾಬಾದಿ ಪರಸಿ:
ವಿಷಯ ಬಿಟ್ಟು ಒಂದು ಮಾತು. ಆ ದಪ್ಪ ಗೋಡೆ ಪೂರ್ತಿ ಒಡೆಸಬೇಡಿ ಅಕ್ಕ. ಏಪ್ರಿಲ್, ಮೇನಲ್ಲಿ ನಮ್ಮ ಬಿಸಿಲಿಗೆ ಆ ಗೋಡೆ, ಮೇಲಿನ ಮಣ್ಣಿನ ಮಾಳಿಗೆ ಎರಡೇ ಆಸರೆ. ಆರ್‌ಸಿಸಿ ಹಾಕಿದರೆ ರಾತ್ರಿ ಹನ್ನೊಂದಾದರೂ ಸೆಕೆ ಇಳಿಯಲ್ಲ.

ತೊಗರಿಬೇಳೆ:
ಮಾಳಿಗೆ ಸೋರಿದರೆ ಹಾಳುಮಣ್ಣು ಹಾಕೋರು ಎಲ್ಲಿದ್ದಾರೆ ಈಗ?

ಶಹಾಬಾದಿ ಪರಸಿ:
ಇದ್ದಾರೆ. ಹುಡುಕಿದರೆ ಸಿಗುತ್ತಾರೆ.

ಆಳಂದದ ಅಕ್ಕ:
ನನ್ನದೂ ಒಂದು ಪ್ರಶ್ನೆ ಇದೆ. ನಮ್ಮ ಮನೆಯಲ್ಲಿ ವಾಟ್ಣಿ (ಆಸ್ತಿ ಪಾಲು) ಆಯ್ತು, ಹಳೇ ಮನೆ ಅಣ್ಣನ ಪಾಲಿಗೆ ಹೋಯ್ತು. ಆಮೇಲೆ ದೇವರ ಕೋಣೆಯ ಪೆಟ್ಟಿಗೆ ತಳದಲ್ಲಿ ಅವ್ವನ ಕೊರಳಿನ ಗೆಜ್ಜೆಟೀಕಿ ಸಿಕ್ಕಿತು. ಮನೆ ನನ್ನದು, ಟೀಕಿಯೂ ನನ್ನದು ಅಂತ ಅಣ್ಣ ಹೇಳ್ತಾನೆ. ಹೆಣ್ಣುಮಕ್ಕಳು ಕೇಳಬಾರದಂತೆ.

ಕೋರ್ಟ್ ರಸ್ತೆ:
ಕೇಳಬೇಕು ಅಕ್ಕ. ಅದು ನಿಮ್ಮ ಅವ್ವನ ಸ್ವಂತ ಒಡವೆ. ಅವರು ಉಯಿಲು ಬರೆಯದೆ ಹೋಗಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಗಂಡ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ವಾಟ್ಣಿ ಪತ್ರದಲ್ಲಿ ಆ ಟೀಕಿ ಬರೆದಿಲ್ಲ ಅಂದ್ರೆ ಅದು ಇನ್ನೂ ಹಂಚಿಕೆ ಆಗಿಲ್ಲ ಅಂತಲೇ ಅರ್ಥ.

ಆಳಂದದ ಅಕ್ಕ:
ನನಗೆ ತೂಕ ಬೇಡ. ಅವ್ವ ಅದನ್ನು ಪಂಚಮಿಗೆ ಹಾಕಿಕೊಳ್ಳುತ್ತಿದ್ದಳು. ವರ್ಷಕ್ಕೆ ಒಂದು ಸಲ ನನ್ನ ಮಗಳ ಕೊರಳಿಗೂ ಬರಲಿ ಅಂತ ಅಷ್ಟೇ. ಈ ಉತ್ತರ ಅಣ್ಣನಿಗೆ ಕಳಿಸ್ತೀನಿ.

ತೊಗರಿಬೇಳೆ:
ವಕೀಲ ಸಾಹೇಬರೇ, ನಿಮ್ಮ ದಾರಿಯಲ್ಲಿ ಹೋದರೆ ಏನಾಗುತ್ತೆ ನಾನು ಹೇಳ್ತೀನಿ. ಠಾಣೆಗೆ ಹೋದರೆ ಅದು ಮುದ್ದೆಮಾಲು ಆಗುತ್ತೆ. ಮಾಲ್‌ಖಾನೆ ಸೇರಿದ್ದು ಮೊಮ್ಮಕ್ಕಳ ಕಾಲಕ್ಕೆ ಹೊರಗೆ ಬರುತ್ತೆ. ಪ್ರಾಮಾಣಿಕರಿಗೇ ಓಡಾಟ, ಸುಮ್ನೆ ಇದ್ದವರು ಆರಾಮ.

ಕೋರ್ಟ್ ರಸ್ತೆ:
ಈ ಭಯ ಎಲ್ಲರಿಗೂ ಇದೆ, ಇಲ್ಲ ಅನ್ನಲ್ಲ. ಅದಕ್ಕೇ 2002ರಲ್ಲಿ ಸುಪ್ರೀಂ ಕೋರ್ಟ್ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಬಂಗಾರದಂಥ ಬೆಲೆಬಾಳುವ ವಸ್ತು ವರ್ಷಗಟ್ಟಲೆ ಠಾಣೆಯಲ್ಲಿ ಇಡಬಾರದು. ಫೋಟೊ ತೆಗೆದು, ವಿವರವಾದ ಪಂಚನಾಮೆ ಮಾಡಿ, ಬಾಂಡ್ ಬರೆಸಿಕೊಂಡು ಹಕ್ಕುದಾರರಿಗೆ ಒಪ್ಪಿಸಬೇಕು. ಇಲ್ಲಿ ಕಳ್ಳತನದ ಕೇಸೂ ಇಲ್ಲ. ಡಿಸಿಯವರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳೋದು ಮೊದಲ ಕೆಲಸ.

ಸುಮ್ನೆ ಇರೋದು ಆರಾಮ ಅಂತೀರಲ್ಲ, ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮು ಓದಿ. ಸಿಕ್ಕ ವಸ್ತುವನ್ನು ಮಾಲೀಕರಿಗೆ ಕೊಡಲು ಅಂತ ಜೋಪಾನ ಮಾಡಿದರೆ ತಪ್ಪಲ್ಲ. ಮಾಲೀಕ ಯಾರು ಅಂತ ಗೊತ್ತಿದ್ದೂ, ಅಥವಾ ಹುಡುಕುವ ದಾರಿ ಇದ್ದೂ, ತನ್ನದು ಮಾಡಿಕೊಂಡರೆ ಆರು ತಿಂಗಳಿಂದ ಎರಡು ವರ್ಷ ಜೈಲು, ಜೊತೆಗೆ ದಂಡ. ಈ ಅಕ್ಕನ ಹತ್ತಿರ ಮಾರಿದವರ ಫೋನ್ ನಂಬರ್ ಇದೆ. ಹುಡುಕಲು ದಾರಿ ಇರಲಿಲ್ಲ ಅಂತ ಹೇಳಲು ಬರಲ್ಲ.

ತೊಗರಿಬೇಳೆ:
ಅಷ್ಟೊಂದು ಇದೆಯಾ! ಆದರೂ ಮನೆ ಕೊಂಡವರಿಗೆ ಏನೂ ಇಲ್ಲ ಅನ್ನೋದು ನನಗೆ ಸರಿ ಕಾಣಲ್ಲ.

ಹಳೇಮನೆ ಕಲಬುರಗಿ:
ಒಂದು ಸುದ್ದಿ. ಪಕ್ಕದ ಮನೆಯ ಚಾಚಾ ಭೂತಗನ್ನಡಿ ಹಿಡಿದು ಎಲ್ಲ ನಾಣ್ಯ ಓದಿಕೊಟ್ಟರು. ಹೆಚ್ಚಿನವುಗಳಲ್ಲಿ ‘ಐನ್’ ಇದೆ. ಎಲ್ಲಕ್ಕಿಂತ ಹೊಸದು ಹಿಜರಿ 1362.

ನಾಣ್ಯದ ಹುಚ್ಚು:
1362 ಅಂದ್ರೆ 1943! ಹಾಗಾದ್ರೆ ತಂಬಿಗೆ ಗೋಡೆ ಸೇರಿದ್ದು 1943ಕ್ಕೆ ಅಥವಾ ಆಮೇಲೆ. ನೂರು ವರ್ಷದ ಗೆರೆಯ ಈಚೆಗೇ ಬಂತು.

ಭಾಲ್ಕಿ ಮಗಳು:
ರಜಾಕಾರರ ಕಾಲವೇ ಇರಬೇಕು.

ಯಾದಗಿರಿ ಮೇಷ್ಟ್ರು:
ಇರಬಹುದು, ಆದರೆ ನಾಣ್ಯ ಅಷ್ಟು ಹೇಳಲ್ಲ. ಹಾಲಿ ಸಿಕ್ಕಾ 1950ರ ದಶಕದಲ್ಲೂ ನಮ್ಮ ಕಡೆ ಕೈ ಬದಲಾಗುತ್ತಿತ್ತು.

ಕೋರ್ಟ್ ರಸ್ತೆ:
ಅಕ್ಕ, ಈಗ ಮಾರಿದವರಿಗೆ ಫೋನ್ ಮಾಡಿ. ಆದರೆ ಒಂದು ಎಚ್ಚರ. ಫೋಟೊ ಕಳಿಸಬೇಡಿ. ಏನು ಸಿಕ್ಕಿದೆ, ಎಲ್ಲಿ ಸಿಕ್ಕಿದೆ ಅಂತ ಹೇಳಬೇಡಿ. ‘ಮನೆಯಲ್ಲಿ ಹಿರಿಯರು ಏನಾದರೂ ಇಟ್ಟ ನೆನಪಿದೆಯಾ’ ಅಂತ ಮಾತ್ರ ಕೇಳಿ. ಅವರೇ ವರ್ಣನೆ ಮಾಡಲಿ. ಇಲ್ಲಿ ನೀವು ಬರೆದದ್ದನ್ನು ಅವರು ಓದಿರಲಿಕ್ಕಿಲ್ಲ, ಆದರೂ ಮೊದಲ ಪೋಸ್ಟಿನ ವಿವರ ಅಳಿಸುವಂತೆ ನಿರ್ವಾಹಕರಿಗೆ ಹೇಳಿ. ಇನ್ನು ಮುಂದೆ ತೂಕ, ಗುರುತು ಯಾವುದೂ ಇಲ್ಲಿ ಬರೆಯಬೇಡಿ. ಒಡವೆ ಬ್ಯಾಂಕ್ ಲಾಕರಿನಲ್ಲಿ ಇಡಿ.

ಹಳೇಮನೆ ಕಲಬುರಗಿ:
ಮಾತಾಡಿದೆ. ಮಾರಿದವರಿಗೆ ಏನೂ ಗೊತ್ತಿಲ್ಲ. ಆದರೆ ಅವರ ದೊಡ್ಡ ಸೋದರತ್ತೆ ಇದ್ದಾರೆ, ತೊಂಬತ್ತರ ಹತ್ತಿರ ವಯಸ್ಸು. ಅವರಿಗೆ ಫೋನ್ ಕೊಟ್ಟರು. ನಾನು ಏನೂ ಹೇಳದೆ ಸುಮ್ನೆ ಕೇಳಿದೆ. ಅಡುಗೆ ಮನೆಯ ಗೂಡು, ತಾಮ್ರದ ತಂಬಿಗೆ ಎರಡನ್ನೂ ಅವರೇ ಹೇಳಿದರು. ಗೆಜ್ಜೆ ತಮ್ಮದೇ ಅಂದರು, ಅದರ ಒಂದು ಗುರುತೂ ಹೇಳಿದರು. ಅದನ್ನು ಇಲ್ಲಿ ಬರೆಯಲ್ಲ, ಆದರೆ ತೆಗೆದು ನೋಡಿದರೆ ಹಾಗೇ ಇದೆ. ಅವರ ತಾಯಿ ಇಟ್ಟು, ಆ ವರ್ಷವೇ ಊರು ಬಿಟ್ಟ ಕಡೆ ಕಾಲರಾದಲ್ಲಿ ತೀರಿಕೊಂಡರಂತೆ. ಯಾವ ಗೂಡು ಅಂತ ಗಂಡಸರಿಗೆ ಗೊತ್ತಿರಲಿಲ್ಲ. ಈ ಅಜ್ಜಿ ಚಿಕ್ಕವರು, ಹೇಳಿದರೂ ಯಾರೂ ನಂಬಲಿಲ್ಲವಂತೆ.

ಅತ್ತೆಯೇ ಫೋನ್ ಇಸಿದುಕೊಂಡು ‘ನಿಮ್ಮದು ನಿಮಗೆ ಮುಟ್ಟುತ್ತೆ ಅವ್ವಾ’ ಅಂದರು. ಮನೆಯಲ್ಲಿ ಈಗ ವಾದ ಇಲ್ಲ.

ಬೀದರ್ ಬಿದ್ರಿ:
ಆ ಅಜ್ಜಿ ಇರುವಾಗಲೇ ಕೇಳಿದಿರಿ, ಬಹಳ ಒಳ್ಳೇದಾಯ್ತು. ಬೇಗ ಮಾಡಿ ಅಕ್ಕ.

ತೊಗರಿಬೇಳೆ:
ಕೊಟ್ಟುಬಿಡಿ. ಇನ್ನು ನನ್ನ ವಾದ ಇಲ್ಲ.

ಕೋರ್ಟ್ ರಸ್ತೆ:
ಕೊಡಿ, ಆದರೆ ನೇರವಾಗಿ ಕೈಗೆ ಕೊಟ್ಟು ಮುಗಿಸಬೇಡಿ. ಅಜ್ಜಿಯ ಅಣ್ಣತಮ್ಮಂದಿರ ಮಕ್ಕಳೂ ವಾರಸುದಾರರೇ, ನಾಳೆ ನಿಮ್ಮನ್ನೇ ಕೇಳಬಹುದು. ಡಿಸಿ ಕಚೇರಿಯ ಅರ್ಜಿಯಲ್ಲಿ ಇಷ್ಟು ಬರೆಯಿರಿ: ಸಿಕ್ಕ ದಿನ, ಜಾಗ, ಒಡವೆಯ ಪಟ್ಟಿ ಮತ್ತು ತೂಕ, ಕಂಡವನ ಹೆಸರು, ಅಜ್ಜಿಯ ಹೇಳಿಕೆ. ತೂಕಕ್ಕೆ ಸರಾಫರ ಚೀಟಿ ಸೇರಿಸಿ. ಅಜ್ಜಿಯ ಕಡೆಯವರು ಅವರ ಹೇಳಿಕೆಯನ್ನು ಹೈದರಾಬಾದಿನಲ್ಲೇ ನೋಟರಿ ಮುಂದೆ ಮಾಡಿಸಿ ಕಳಿಸಲಿ. ಆ ವಯಸ್ಸಿನಲ್ಲಿ ಅವರನ್ನು ಓಡಾಡಿಸುವುದು ಬೇಡ.

ಹಳೇಮನೆ ಕಲಬುರಗಿ:
ಆಗಲಿ ಸರ್. ಗೌಂಡಿಗೆ ಅಜ್ಜಿಯ ಮನೆಯವರು ಬಹುಮಾನ ಕೊಡ್ತೀವಿ ಅಂದಿದ್ದಾರೆ, ನಾವೂ ಸೇರಿಸ್ತೀವಿ. ಅದನ್ನೂ ಬರೆಸಬೇಕಾ?

ಕೋರ್ಟ್ ರಸ್ತೆ:
ಬರೆಸಿ. ಇಂತಿಷ್ಟು ಕೊಡ್ತೀವಿ ಅಂತ ಅವರು ಬರೆದುಕೊಟ್ಟರೆ ಆಮೇಲೆ ಯಾರೂ ಹಿಂದೆ ಸರಿಯಲು ಬರಲ್ಲ.

ಸೇಡಂ ಗೌಂಡಿ:
ಅರ್ಜಿ ಎರಡು ಪ್ರತಿ ಮಾಡಿಸಿ ಅಕ್ಕ. ಕಚೇರಿಯ ಸಿಕ್ಕಾ (ಮೊಹರು) ಹೊಡೆಸಿದ ಒಂದು ಪ್ರತಿ ಅವನ ಕೈಯಲ್ಲೂ ಇರಲಿ.

ಹಳೇಮನೆ ಕಲಬುರಗಿ:
ಮೂರು ಮಾಡಿಸ್ತೀನಿ ಅಣ್ಣ. ಸೋಮವಾರ ಕಚೇರಿ ತೆಗೆದ ಕೂಡಲೇ ಅವನನ್ನೂ ಕರಕೊಂಡು ಹೋಗ್ತೀನಿ.